ಫಿಲ್ಟರ್ ನೋಡಿ ಸಿಟ್ಟಿಗೆದ್ದ ಫೋಟೋಗ್ರಾಫರ್

ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ನನ್ನ ಹತ್ತಿರ ಸಲಹೆ ಕೇಳಲು ಬಂದವರು ಹಾಸನದ ಫೋಟೋಗ್ರಾಫರ್. ಮದುವೆ ಆರ್ಡರ್ ಹೊಟ್ಟೆಪಾಡಿಗೆ, ಪೋರ್ಟ್ರೇಟ್ ಅಂದ್ರೆ ಪ್ರಾಣ. ನಿದ್ದೆ ಬರುತ್ತಿಲ್ಲ, ಕ್ಯಾಮೆರಾ ಮುಟ್ಟಲು ಮನಸ್ಸಿಲ್ಲ ಎಂದರು.

ಒಬ್ಬ ಯುವತಿ ದುಡ್ಡು ಕೊಟ್ಟು ಶೆಟ್ಟಿಹಳ್ಳಿಯ ಪಾಳು ಚರ್ಚಿನ ಹತ್ತಿರ ಫೋಟೋ ತೆಗೆಸಿಕೊಂಡಿದ್ದರು. ಇವರು ಸಂಜೆ ಬಿಸಿಲಿಗೆ ಕಾದು, ಆಕೆಯ ಮೈಬಣ್ಣವನ್ನು ಒಂಚೂರೂ ತಿಳಿ ಮಾಡದೆ ಫೋಟೋ ಕೊಟ್ಟರು. ತಮ್ಮ ಪೇಜಿನಲ್ಲೂ ಹಾಕಿಕೊಂಡರು. ಆಕೆ ಅದೇ ಫೋಟೋಗೆ ಫಿಲ್ಟರ್ ಹಾಕಿ, ಬೆಳ್ಳಗೆ ಮಾಡಿ, ಮೂಗು ಸಣ್ಣ ಮಾಡಿ, ಇನ್‌ಸ್ಟಾಗ್ರಾಂಗೆ ಹಾಕಿ ಇವರನ್ನೇ ಟ್ಯಾಗ್ ಮಾಡಿದರು. "ಇದು ನಾನು ತೆಗೆದ ಫೋಟೋ ಅಲ್ಲ" ಅಂತ ಇವರು ಎಲ್ಲರೆದುರು ಕಾಮೆಂಟ್ ಹಾಕಿದರು. ಆಕೆ ಬ್ಲಾಕ್ ಮಾಡಿದರು.

"ಅವರ ನಿಜವಾದ ಚೆಂದ ನಾನು ತೋರಿಸಿದೆ ಮೇಡಂ, ಅವರಿಗೇ ಬೇಡ ಅಂದ್ರೆ?"

ಗಂಟು ಇದ್ದದ್ದು ಇಲ್ಲೇ. ಮದುವೆ ಆಲ್ಬಮ್‌ನಲ್ಲಿ ನೀವು ಮೊಡವೆ ಕಲೆ ತೆಗೆಯುವುದಿಲ್ವಾ ಎಂದು ಕೇಳಿದೆ. ತೆಗೀತೀನಿ, ಮನೆಯವರು ಹೇಳಿದರೆ ಬಣ್ಣವನ್ನೂ ತಿಳಿ ಮಾಡ್ತೀನಿ ಎಂದರು. ಹಾಗಾದರೆ ಚುಚ್ಚಿದ್ದು ತಿದ್ದುಪಡಿಯಾ, ತಮ್ಮನ್ನು ಕೇಳದೆ ಬೇರೆಯವರು ತಿದ್ದಿದ್ದಾ? ಇದನ್ನು ಒಪ್ಪಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಅವರ ನೋವಿಗೂ ಕಾರಣ ಇದೆ. ಬಿಳಿಚಿಕೊಂಡ ಮುಖ ಅವರ ಹೆಸರಲ್ಲಿ ಓಡಾಡಿದರೆ ಮುಂದಿನ ಗಿರಾಕಿ ಅದನ್ನೇ ಅವರ ಕೆಲಸ ಅಂದುಕೊಳ್ಳುತ್ತಾರೆ. ಆದರೆ ಲಾಯರ್ ನೋಟಿಸ್ ಕಳಿಸುವ ಯೋಚನೆ ಬಿಡಿಸಿದೆ. 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ದುಡ್ಡು ಕೊಟ್ಟು ತೆಗೆಸಿದ ಫೋಟೋಗೆ ಬೇರೆ ಒಪ್ಪಂದ ಇಲ್ಲದಿದ್ದರೆ ತೆಗೆಸಿದವರೇ ಮೊದಲ ಹಕ್ಕುದಾರರು. ತನ್ನ ಮರ್ಯಾದೆಗೆ ಧಕ್ಕೆ ಬರುವಂತೆ ಕೆಡಿಸಿದರೆ ತಡೆಯುವ ಹಕ್ಕು ತೆಗೆದವರಿಗೆ 57ನೇ ಸೆಕ್ಷನ್‌ನಲ್ಲಿದೆ ನಿಜ. ಒಂದು ಫಿಲ್ಟರ್‌ಗೆ ಕೋರ್ಟ್ ಮೆಟ್ಟಿಲು ಹತ್ತುತ್ತೀರಾ ಎಂದೆ. ನಕ್ಕರು, ಆವತ್ತು ಮೊದಲ ಸಲ.

ಫೋನ್ ಮಾಡಿ, ಕಾಮೆಂಟ್‌ಗೆ ಕ್ಷಮೆ ಕೇಳಿ, ವಾದ ಮಾಡಬೇಡಿ, ಫೋಟೋದಲ್ಲಿ ಏನು ಇಷ್ಟ ಆಗಲಿಲ್ಲ ಅಂತ ಮಾತ್ರ ವಿಚಾರಿಸಿ ಎಂದು ಹೇಳಿ ಕಳಿಸಿದೆ. ಆಮೇಲೆ ಗೊತ್ತಾಗಿದ್ದು, ಆ ಫೋಟೋ ಗಂಡಿನ ಕಡೆಯವರಿಗೆ ಕಳಿಸಲು ತೆಗೆಸಿದ್ದು. ಬಣ್ಣದ ಕಾರಣಕ್ಕೇ ಹಿಂದೆ ಸಂಬಂಧ ತಪ್ಪಿಹೋಗಿತ್ತು. "ಕಪ್ಪಗಿದ್ರೂ ಲಕ್ಷಣವಾಗಿದ್ದಾಳೆ" ಅಂತ ಕೇಳಿ ಕೇಳಿ ಬೆಳೆದವರು ಅವರು. ಅಂಥವರ ಫೋಟೋ ಕೆಳಗೆ ಇವರು ತಮ್ಮ ಪೇಜಿನಲ್ಲಿ "ಕಪ್ಪು ಚೆಲುವೆ" ಅಂತ ಬರೆದಿದ್ದರು, ಅದೂ ಕೇಳದೆ! ಬೆಳ್ಳಗೆ ಮಾಡುವ ಫಿಲ್ಟರ್ ಕಂಡರೆ ನನಗೂ ಆಗುವುದಿಲ್ಲ. ಆದರೂ ಆ ಜಗಳವನ್ನು ಮದುವೆಗೆ ಕೂತ ಹುಡುಗಿಯ ಜೊತೆ ಆಡುವುದು ಯಾವ ನ್ಯಾಯ?

ಇವರು ಫೋಟೋ ತೆಗೆದುಹಾಕಿದರು, ಆಕೆ ಟ್ಯಾಗ್ ತೆಗೆದರು. ಫಿಲ್ಟರ್ ಫೋಟೋ ಹಾಗೇ ಇದೆ, ಇರಲಿ. ಇನ್ನು ಮುಂದೆ ಶೂಟ್‌ಗೆ ಮೊದಲೇ ಫೋಟೋ ಯಾವುದಕ್ಕೆ ಅಂತ ಕೇಳಿ, ಲ್ಯಾಪ್‌ಟಾಪ್‌ನಲ್ಲಿ ತೋರಿಸಿ ಅವರಿಂದಲೇ ಆಯ್ಕೆ ಮಾಡಿಸಿ, ತಿದ್ದಿ ಹಾಕಿದರೆ ನನ್ನ ಹೆಸರು ಬೇಡ ಅಂತ ಬಿಲ್‌ನಲ್ಲೇ ಬರೆಯಿರಿ ಎಂದಿದ್ದೇನೆ. ರಾತ್ರಿ ಮಲಗುವ ಕೋಣೆಗೆ ಫೋನ್ ಬೇಡ. ನಿದ್ದೆ ಸರಿಹೋಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.