ವೈದ್ಯರ ಉತ್ತರ: ಸರ್ಪಸುತ್ತಿನ ಹೆಡೆ–ಬಾಲ ಕೂಡಿದರೆ ಏನಾಗುತ್ತದೆ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ನೀರುಗುಳ್ಳೆಯವೇ. ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಗಳಿಂದ ಕೆಲವನ್ನು ಆಯ್ದುಕೊಂಡಿದ್ದೇನೆ. ಸಕಲೇಶಪುರದವರಿಗೆ ಪತ್ರ ತಲುಪಿದ ದಿನವೇ ಫೋನಿನಲ್ಲಿ ಉತ್ತರ ಹೇಳಿಯಾಗಿದೆ. ಇಲ್ಲಿ ಬರೆಯುತ್ತಿರುವುದು ಉಳಿದವರಿಗಾಗಿ.

ಪ್ರಶ್ನೆ: ನಮ್ಮ ಮಾವನವರಿಗೆ 67 ವರ್ಷ, ಸಕ್ಕರೆ ಕಾಯಿಲೆ ಇದೆ. ಎರಡು ದಿನ ಬಲಗಡೆ ಹಣೆ ಉರಿ, ತಲೆಸಿಡಿತ ಅಂದರು. ಶೀತವಿರಬೇಕು ಅಂತ ಬಾಮ್ ತಿಕ್ಕಿದೆವು. ಮೂರನೇ ದಿನ ಹಣೆಯ ಮೇಲೆ ಗೊಂಚಲು ಗೊಂಚಲಾಗಿ ನೀರುಗುಳ್ಳೆ ಎದ್ದವು, ಮೂಗಿನ ತುದಿಯಲ್ಲೂ ಒಂದೆರಡು. ಊರಿನವರು ಸರ್ಪಸುತ್ತು ಅಂದರು. ಮಂತ್ರ ಹಾಕುವವರ ಹತ್ತಿರ ಹೋಗಿ ಕೆಮ್ಮಣ್ಣು ಹಚ್ಚಿಸಿಕೊಂಡು ಬಂದಿದ್ದಾರೆ. ಹೆಡೆ ಬಾಲ ಕೂಡಿದರೆ ಜೀವ ಉಳಿಯುವುದಿಲ್ಲವಂತೆ, ಇಂಗ್ಲಿಷ್ ಔಷಧಿ ಕೊಟ್ಟರೆ ಒಳಗೆ ಸೇರಿಕೊಳ್ಳುತ್ತದಂತೆ. ಏನು ಮಾಡಲಿ ಡಾಕ್ಟ್ರೇ? (ಸಕಲೇಶಪುರ)

ಉತ್ತರ: ಹೆಡೆ ಬಾಲದ ವಿಚಾರ ಆಮೇಲೆ ನೋಡೋಣ. ನಿಮ್ಮ ಪತ್ರದಲ್ಲಿ ನನಗೆ ಗಾಬರಿ ಹುಟ್ಟಿಸಿದ್ದು ಮೂಗಿನ ತುದಿಯ ಆ ಒಂದೆರಡು ಗುಳ್ಳೆ. ಮೂಗಿನ ತುದಿಗೂ ಕಣ್ಣುಗುಡ್ಡೆಗೂ ಹೋಗುವುದು ಒಂದೇ ನರದ ಕವಲು. ಅಲ್ಲಿ ಗುಳ್ಳೆ ಎದ್ದಿದೆ ಅಂದರೆ ಕಣ್ಣಿಗೂ ವೈರಸ್ ಇಳಿದಿರುವ ಸಾಧ್ಯತೆ ಬಹಳ. ಲಂಡನ್ನಿನ ವೈದ್ಯ ಜೊನಾಥನ್ ಹಚಿನ್ಸನ್ 19ನೇ ಶತಮಾನದಲ್ಲೇ ಗುರುತಿಸಿದ ಲಕ್ಷಣ ಇದು, ಈಗಲೂ ಅವರ ಹೆಸರಿನಲ್ಲೇ ಕರೆಯುತ್ತೇವೆ. ಕಣ್ಣು ಕೆಂಪಾಗಿಲ್ಲ, ನೋಟ ಚೆನ್ನಾಗಿದೆ ಅಂತ ಕೂರಬೇಡಿ, ಅವತ್ತೇ ಕಣ್ಣಿನ ಡಾಕ್ಟರಿಗೆ ತೋರಿಸಬೇಕು. ತಡವಾದರೆ ಕಪ್ಪುಗುಡ್ಡೆಯ ಮೇಲೆ ಹುಣ್ಣಾಗಿ ಕಲೆ ಉಳಿಯಬಹುದು, ಕಣ್ಣಿನ ಒತ್ತಡ ಏರಬಹುದು. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ಯಾವುದೋ ಡ್ರಾಪ್ಸ್ ತಂದು ಹಾಕುವುದಂತೂ ಬೇಡವೇ ಬೇಡ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಇನ್ನಷ್ಟು ಕೆಡಬಹುದು.

ಇನ್ನು, ಒಳಗೆ ಸೇರಿಕೊಳ್ಳುವ ಮಾತು. ಅದು ಸೇರಿಕೊಂಡು ದಶಕಗಳೇ ಆಗಿವೆ! ನಿಮ್ಮ ಮಾವನವರಿಗೆ ಚಿಕ್ಕಂದಿನಲ್ಲಿ ಅಮ್ಮ ಆಗಿರುತ್ತದೆ, ನೆನಪಿಲ್ಲದಿರಬಹುದು. ಚಿಕನ್‌ಪಾಕ್ಸ್ ವಾಸಿಯಾದರೂ ಆ ವೈರಸ್ ದೇಹ ಬಿಟ್ಟು ಹೋಗುವುದಿಲ್ಲ. ಬೆನ್ನುಹುರಿಯ ಪಕ್ಕದ ಮತ್ತು ತಲೆಬುರುಡೆಯೊಳಗಿನ ನರದ ಗಂಟುಗಳಲ್ಲಿ ಸುಮ್ಮನೆ ಕೂತಿರುತ್ತದೆ. ವಯಸ್ಸಾದಾಗ, ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದಾಗ, ಕ್ಯಾನ್ಸರಿಗೋ ಸಂಧಿವಾತಕ್ಕೋ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ನುಂಗುತ್ತಿರುವಾಗ ಮತ್ತೆ ಎದ್ದು, ಒಂದು ನರದ ಜಾಡು ಹಿಡಿದು ಚರ್ಮಕ್ಕೆ ಬರುತ್ತದೆ. ಅದಕ್ಕೇ ಗುಳ್ಳೆಗಿಂತ ಮೊದಲು ಉರಿ. ಹಣೆಯಲ್ಲಾದರೆ ತಲೆನೋವು ಅನ್ನುತ್ತಾರೆ, ಎಡ ಎದೆಯಲ್ಲಾದರೆ ಹಾರ್ಟ್ ಅಟ್ಯಾಕ್ ಅಂತ ಇಸಿಜಿ ಮಾಡಿಸಿ ಬರುತ್ತಾರೆ, ಸೊಂಟದಲ್ಲಾದರೆ ಕಿಡ್ನಿ ಕಲ್ಲು ಅಂದುಕೊಳ್ಳುತ್ತಾರೆ. ಗುಳ್ಳೆ ಏಳುವವರೆಗೆ ವೈದ್ಯರಿಗೂ ತಿಳಿಯುವುದು ಕಷ್ಟ.

ನರಗಳು ಎಡಕ್ಕೆ ಬೇರೆ, ಬಲಕ್ಕೆ ಬೇರೆ. ಹಾಗಾಗಿ ಸರ್ಪಸುತ್ತು ಸಾಮಾನ್ಯವಾಗಿ ಮೈಯ ನಡುಗೆರೆಯ ಹತ್ತಿರ ಬಂದು ನಿಂತುಬಿಡುತ್ತದೆ, ಸುತ್ತು ಪೂರ್ತಿಯಾಗುವುದೇ ಇಲ್ಲ. ಅಪರೂಪಕ್ಕೆ ಎರಡೂ ಕಡೆ ಅಥವಾ ಮೈತುಂಬ ಹರಡಿದರೆ ಆ ವ್ಯಕ್ತಿಯ ರೋಗನಿರೋಧಕ ಶಕ್ತಿ ತೀರಾ ಕುಗ್ಗಿದೆ ಎಂದರ್ಥ. ಆಗ ಆಸ್ಪತ್ರೆಗೆ ಸೇರಿಸಿ ರಕ್ತನಾಳಕ್ಕೆ ಔಷಧಿ ಕೊಡಬೇಕು, ಎಚ್‌ಐವಿಯೂ ಸೇರಿದಂತೆ ಕಾರಣ ಹುಡುಕಬೇಕು. ಹಿರಿಯರು ಅಂಥ ಒಬ್ಬಿಬ್ಬರನ್ನು ಕಂಡು ಹೆಡೆ ಬಾಲದ ಮಾತು ಕಟ್ಟಿರಬಹುದು ಅಂತ ನನ್ನ ಊಹೆ.

ಕೆಮ್ಮಣ್ಣಿನ ಬಗ್ಗೆ ನನಗೆ ಜಗಳವಿಲ್ಲ. ಹಚ್ಚಿದರೂ ಹಚ್ಚದಿದ್ದರೂ ಗುಳ್ಳೆ ಎರಡರಿಂದ ನಾಲ್ಕು ವಾರದಲ್ಲಿ ಒಣಗುತ್ತದೆ, ಹೆಸರು ಮಾತ್ರ ಮಣ್ಣಿಗೆ ಬರುತ್ತದೆ. (ಒಡೆದ ಗುಳ್ಳೆಗೆ ಮಣ್ಣು ಮೆತ್ತಿ ಕೀವಾದದ್ದನ್ನು ಬೇಕಾದಷ್ಟು ನೋಡಿದ್ದೇನೆ, ಅದು ಬೇರೆ ಮಾತು.) ತಕರಾರು ಇರುವುದು ಕಳೆದುಹೋಗುವ ಸಮಯದ ಬಗ್ಗೆ. ಅಸೈಕ್ಲೊವಿರ್, ವಾಲಸೈಕ್ಲೊವಿರ್ ಮಾತ್ರೆಗಳು ಗುಳ್ಳೆ ಕಾಣಿಸಿದ 72 ಗಂಟೆಯೊಳಗೆ ಶುರುವಾದರೆ ಹೆಚ್ಚು ಕೆಲಸ ಮಾಡುತ್ತವೆ. ಮೂರು ವಾರ ಮಂತ್ರ ಹಾಕಿಸಿ, ಗುಳ್ಳೆ ಒಣಗಿ, ಉರಿ ನಿಲ್ಲದೆ ಬರುವವರಿಗೆ ಆ ಬಾಗಿಲು ಮುಚ್ಚಿರುತ್ತದೆ. ಕಣ್ಣಿಗೆ ಬಂದಿದ್ದರೆ ಅಥವಾ ಹೊಸ ಗುಳ್ಳೆ ಇನ್ನೂ ಏಳುತ್ತಿದ್ದರೆ 72 ಗಂಟೆ ದಾಟಿದ ಮೇಲೂ ಕೊಡುತ್ತೇವೆ. ಅಸೈಕ್ಲೊವಿರ್ ದಿನಕ್ಕೆ ಐದು ಸಲ ನುಂಗಬೇಕು, ತೋಟದ ಕೆಲಸದಲ್ಲಿ ಇರುವವರಿಗೆ ಮಧ್ಯದ ಎರಡು ತಪ್ಪಿಯೇ ತಪ್ಪುತ್ತವೆ. ವಾಲಸೈಕ್ಲೊವಿರ್ ಮೂರೇ ಸಲ, ಬೆಲೆ ಸ್ವಲ್ಪ ಜಾಸ್ತಿ. ಸಕ್ಕರೆ ಕಾಯಿಲೆಯವರಿಗೆ ಮೂತ್ರಪಿಂಡ ಹೇಗಿದೆ ಎಂದು ಕ್ರಿಯಾಟಿನಿನ್ ನೋಡಿಕೊಂಡೇ ಪ್ರಮಾಣ ಬರೆಯಬೇಕು. ಪಕ್ಕದ ಮನೆಯವರ ಚೀಟಿ ತೋರಿಸಿ ತರುವ ಮಾತ್ರೆ ಇದಲ್ಲ.

ಗುಳ್ಳೆ ಹೋದ ಮೇಲೂ ಮೂರು ತಿಂಗಳು ದಾಟಿ ಉಳಿಯುವ ನೋವೇ ಸರ್ಪಸುತ್ತಿನ ನಿಜವಾದ ಕಾಟ. ವಯಸ್ಸು 60 ದಾಟಿದವರಲ್ಲಿ ಇದು ಜಾಸ್ತಿ. ಬನಿಯನ್ ತಾಗಿದರೆ ಬೆಂಕಿ ಸೋಕಿದ ಹಾಗೆ ಅನ್ನುತ್ತಾರೆ, ಫ್ಯಾನಿನ ಗಾಳಿಯೂ ಆಗುವುದಿಲ್ಲ. ಮಾಮೂಲಿ ನೋವಿನ ಮಾತ್ರೆಗೆ ಇದು ಬಗ್ಗುವುದಿಲ್ಲ. ಪ್ರೀಗ್ಯಾಬಲಿನ್, ಗ್ಯಾಬಪೆಂಟಿನ್, ಅಮಿಟ್ರಿಪ್ಟಿಲಿನ್‌ನಂಥ ನರದ ಔಷಧಿ ಬೇಕು. ಅವು ತೂಕಡಿಕೆ ತರುತ್ತವೆ, ವಯಸ್ಸಾದವರು ರಾತ್ರಿ ಬಚ್ಚಲಿಗೆ ಎದ್ದಾಗ ಯಾರಾದರೂ ಜೊತೆಗಿರಲಿ. ಕಿವಿಯಲ್ಲಿ ಗುಳ್ಳೆ ಎದ್ದು ಬಾಯಿ ಒಂದು ಕಡೆಗೆ ಸೊಟ್ಟಗಾದರೆ ಲಕ್ವ ಅಂತ ಎಣ್ಣೆ ತಿಕ್ಕಿಸಲು ಹೋಗಬೇಡಿ, ಅದೂ ಇದೇ ವೈರಸ್ಸಿನ ಕೆಲಸ. ಅದಕ್ಕೂ ಔಷಧಿ ಬೇಗ ಶುರುವಾಗಬೇಕು.

ಇದನ್ನು ತಡೆಯುವ ಲಸಿಕೆ ನಮ್ಮ ದೇಶದಲ್ಲಿ 2023ರಿಂದ ಸಿಗುತ್ತಿದೆ. 50 ದಾಟಿದವರಿಗೆ ಎರಡು ಡೋಸ್, ಎರಡರಿಂದ ಆರು ತಿಂಗಳ ಅಂತರ. ದುಬಾರಿ, ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುವಂಥದ್ದಲ್ಲ. ಈಗ ಎದ್ದಿರುವ ಗುಳ್ಳೆಗೆ ಅದು ಮದ್ದೂ ಅಲ್ಲ.

ಪ್ರಶ್ನೆ: ನನ್ನ ದೊಡ್ಡ ಮಗನಿಗೆ ಅಮ್ಮ ಆಗಿದೆ. ಮನೆಯಲ್ಲಿ ಒಗ್ಗರಣೆ ಹಾಕುತ್ತಿಲ್ಲ, ಬೇವಿನಸೊಪ್ಪು ಕಟ್ಟಿದ್ದೇವೆ, ಮೂರು ನೀರು ಹಾಕುವವರೆಗೆ ಔಷಧಿ ಬೇಡ ಅಂತ ಅತ್ತೆ ಹೇಳುತ್ತಾರೆ. ನನ್ನ ನಾದಿನಿ ಐದು ತಿಂಗಳ ಬಸುರಿ, ಬಾಣಂತನಕ್ಕೆ ಮೊದಲೇ ತವರಿಗೆ ಬಂದಿದ್ದಾಳೆ. ಅವಳಿಗೆ ತೊಂದರೆಯಾ? (ಅರಕಲಗೂಡು)

ಉತ್ತರ: ಮಗನಿಗಿಂತ ನಾದಿನಿಯ ವಿಚಾರ ತುರ್ತು. ಅವರಿಗೆ ಹಿಂದೆ ಅಮ್ಮ ಆಗಿತ್ತೇ ಎಂದು ಅವರ ತಾಯಿಯನ್ನು, ಅಂದರೆ ನಿಮ್ಮ ಅತ್ತೆಯನ್ನೇ ಕೇಳಿ. ಖಂಡಿತ ಆಗಿತ್ತು ಅಂದರೆ ಹೆದರಬೇಕಿಲ್ಲ. ಗೊತ್ತಿಲ್ಲ ಅಂದರೆ ನಾಳೆಯೇ ಹೆರಿಗೆ ಡಾಕ್ಟರ ಬಳಿ ಕರೆದುಕೊಂಡು ಹೋಗಿ. ದೇಹದಲ್ಲಿ ರಕ್ಷಣೆ ಇದೆಯೋ ಇಲ್ಲವೋ ಎಂದು ರಕ್ತಪರೀಕ್ಷೆ ಹೇಳುತ್ತದೆ. ನಮ್ಮಂಥ ಬಿಸಿ ನಾಡಿನಲ್ಲಿ ಚಿಕನ್‌ಪಾಕ್ಸ್ ಬರುವ ವಯಸ್ಸು ತುಸು ತಡ, ಹಾಗಾಗಿ ಬಸುರಿಯಾಗುವ ವಯಸ್ಸಿಗೂ ರಕ್ಷಣೆ ಇಲ್ಲದವರು ಇದ್ದಾರೆ. ರಕ್ಷಣೆ ಇಲ್ಲದಿದ್ದರೆ ಅಮ್ಮ ಆದವರ ಸಂಪರ್ಕಕ್ಕೆ ಬಂದ ಹತ್ತು ದಿನದೊಳಗೆ, ಎಷ್ಟು ಬೇಗವೋ ಅಷ್ಟು ಒಳ್ಳೆಯದು, ಇಮ್ಯುನೊಗ್ಲಾಬ್ಯುಲಿನ್ ಚುಚ್ಚುಮದ್ದು ಕೊಡಬಹುದು. ಅದು ಸಿಗದಿದ್ದರೆ ಮಾತ್ರೆಯ ದಾರಿಯೂ ಇದೆ. ಬಸುರಿಗೆ ಚಿಕನ್‌ಪಾಕ್ಸ್ ಲಸಿಕೆ ಮಾತ್ರ ಕೊಡುವ ಹಾಗಿಲ್ಲ.

ಅಪಾಯ ಎರಡು ಥರ. ಮೊದಲ 20 ವಾರದಲ್ಲಿ ತಾಯಿಗೆ ಬಂದರೆ ನೂರರಲ್ಲಿ ಒಂದೆರಡು ಮಕ್ಕಳಿಗೆ ಕೈಕಾಲು, ಕಣ್ಣು, ಮೆದುಳಿನ ಊನ ಆಗಬಹುದು. ಬಹುಪಾಲು ಮಕ್ಕಳು ಚೆನ್ನಾಗಿಯೇ ಹುಟ್ಟುತ್ತವೆ, ಸುಮ್ಮನೆ ಅಳುತ್ತ ಕೂರಬೇಡಿ. ತಾಯಿಗೆ ಆಗುವ ನ್ಯುಮೋನಿಯಾ ಇನ್ನೊಂದು. ದಿನ ತುಂಬುತ್ತ ಬಂದಷ್ಟೂ ಅದು ಜೋರು. ಗುಳ್ಳೆ ಎದ್ದ ಬಸುರಿಗೆ ಕೆಮ್ಮು, ಏದುಸಿರು ಬಂದರೆ ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜು ಹಿಮ್ಸ್‌ನಂಥ ದೊಡ್ಡ ಆಸ್ಪತ್ರೆಯೇ ಸರಿ. ಹೆರಿಗೆಗೆ ಐದು ದಿನ ಮುಂಚಿನಿಂದ ಹೆರಿಗೆಯಾಗಿ ಎರಡು ದಿನದವರೆಗೆ ತಾಯಿಗೆ ಗುಳ್ಳೆ ಎದ್ದರೆ ಕೂಸಿಗೆ ಪ್ರಾಣಾಪಾಯ, ಆಗ ಮಕ್ಕಳ ಡಾಕ್ಟರು ಪಕ್ಕದಲ್ಲೇ ಇರಬೇಕು.

ನಿಮ್ಮ ಅತ್ತೆಯವರ ಕ್ರಮದಲ್ಲಿ ಒಳ್ಳೆಯದೂ ಇದೆ. ಬೇವಿನಸೊಪ್ಪು ಕಟ್ಟಿ ಹೊರಗಿನವರನ್ನು ದೂರ ಇಡುವುದು ಸರಿಯಾದದ್ದೇ. ಗುಳ್ಳೆ ಏಳುವ ಒಂದೆರಡು ದಿನ ಮೊದಲಿನಿಂದ ಕೊನೆಯ ಗುಳ್ಳೆಗೂ ಹಕ್ಕಳೆ ಕಟ್ಟುವವರೆಗೆ ಇದು ಹರಡುತ್ತದೆ. ಬೇರೆಯವರಿಗೆ ತಗುಲಿದರೆ ಕಾಣಿಸುವುದು 10ರಿಂದ 21 ದಿನದ ಮೇಲೆ. ಮಜ್ಜಿಗೆ, ಎಳನೀರು, ಮೊಸರನ್ನ ಕೊಡಿ. ಸ್ನಾನ ನಿಲ್ಲಿಸಬೇಡಿ: ದಿನಾ ಉಗುರುಬೆಚ್ಚಗಿನ ನೀರು ಹಾಕಿ, ತಿಕ್ಕದೆ ಒರೆಸಿ. ಉಗುರು ಕತ್ತರಿಸಿ. ತುರಿಕೆಗೆ ಕ್ಯಾಲಮೈನ್ ಸಾಕು. ಜ್ವರಕ್ಕೆ ಪ್ಯಾರಸಿಟಮಾಲ್ ಕೊಟ್ಟರೆ ಅಮ್ಮನಿಗೆ ಕೋಪ ಬರುವುದಿಲ್ಲ ಅಂತ ಅತ್ತೆಗೆ ನಾನು ಹೇಳಿದೆ ಅನ್ನಿ. ಆಸ್ಪಿರಿನ್ ಬೇಡವೇ ಬೇಡ, ಅಪರೂಪಕ್ಕಾದರೂ ಪಿತ್ತಜನಕಾಂಗಕ್ಕೂ ಮೆದುಳಿಗೂ ಹೊಡೆತ ಕೊಡುತ್ತದೆ. ಐಬುಪ್ರೊಫೆನ್ ಕೂಡ ಈ ಜ್ವರದಲ್ಲಿ ತಪ್ಪಿಸುವುದು ವಾಸಿ.

ಮಗನನ್ನು ಯಾವಾಗ ಕರೆದುಕೊಂಡು ಹೋಗಬೇಕು? ಇಳಿದ ಜ್ವರ ಮತ್ತೆ ಏರಿದರೆ, ಒಂದು ಗುಳ್ಳೆಯ ಸುತ್ತ ಕೆಂಪಗೆ ಬಿಸಿಯಾಗಿ ಊದಿಕೊಂಡು ಮುಟ್ಟಲು ಬಿಡದಿದ್ದರೆ, ಅದು ಬ್ಯಾಕ್ಟೀರಿಯಾ ಸೇರಿದ ಗುರುತು. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ತೊಡಕು ಇದೇ. ನಡೆಯುವಾಗ ತೂರಾಡಿದರೆ, ವಿಪರೀತ ವಾಂತಿ ಮಾಡಿದರೆ, ಎಬ್ಬಿಸಿದರೂ ಮಂಕಾಗಿದ್ದರೆ ಮೂರನೇ ನೀರಿಗೆ ಕಾಯಬೇಡಿ.

ಪ್ರಶ್ನೆ: ನಮ್ಮ ಕೊಟ್ಟಿಗೆಯಲ್ಲಿ ಎರಡು ಹಸುಗಳಿಗೆ ಕಾಲುಬಾಯಿ ಜ್ವರ ಬಂದಿತ್ತು. ಈಗ ಮೂರು ವರ್ಷದ ಮಗಳಿಗೆ ಅಂಗೈ, ಅಂಗಾಲು, ಬಾಯೊಳಗೆ ಗುಳ್ಳೆ. ಹಸುವಿನದೇ ಅಂಟಿತೇ? ಹಾಲು ಡೇರಿಗೆ ಹಾಕಬಹುದೇ? (ಚನ್ನರಾಯಪಟ್ಟಣ)

ಉತ್ತರ: ಹಸುವಿನದಲ್ಲ. ಮಗಳಿಗೆ ಬಂದಿರುವುದು ಕಾಕ್ಸಾಕಿ ಗುಂಪಿನ ವೈರಸ್ಸಿನಿಂದ ಬರುವ ಕೈ-ಕಾಲು-ಬಾಯಿ ರೋಗ. ಅಂಟಿದ್ದು ಅಂಗನವಾಡಿಯಲ್ಲೋ ನೆಂಟರ ಮಕ್ಕಳಿಂದಲೋ ಇರಬೇಕು. ಹಾಲಿನ ವಿಚಾರ ಪಶುವೈದ್ಯರನ್ನು ಕೇಳಿ. ಕೆಚ್ಚಲ ಮೇಲೆ ಸಿಡುಬಿನ ಗುಳ್ಳೆ ಎದ್ದ ಎಮ್ಮೆ ಕರೆಯುವವರ ಕೈಗೆ ಗುಳ್ಳೆ ಅಂಟುವುದುಂಟು, ಆದರೆ ಅದು ಬೇರೆಯೇ ರೋಗ.

ಮಗು ಅನ್ನ ಬಿಟ್ಟರೆ ಪರವಾಗಿಲ್ಲ, ನೀರು ಬಿಡಬಾರದು. ಬಾಯಿ ಉರಿಗೆ ತಣ್ಣನೆಯ ಹಾಲು, ಮಜ್ಜಿಗೆ ಚಮಚದಲ್ಲಿ ಕುಡಿಸುತ್ತಿರಿ. ಆರೆಂಟು ಗಂಟೆ ಮೂತ್ರ ಮಾಡದಿದ್ದರೆ ಆಸ್ಪತ್ರೆಗೆ ಹೋಗಿ. ನಿದ್ದೆಯಲ್ಲಿ ಪದೇ ಪದೇ ಬೆಚ್ಚಿಬಿದ್ದು ಕೈಕಾಲು ಝಾಡಿಸಿದರೆ, ಮೂರು ದಿನ ದಾಟಿಯೂ ಜೋರು ಜ್ವರ ಇದ್ದರೆ, ಉಸಿರು ವೇಗವಾದರೆ ಕೂಡಲೇ ಹೋಗಿ. ಈ ಗುಂಪಿನ ಎಂಟರೊವೈರಸ್ 71 ಅಪರೂಪಕ್ಕೆ ಮೆದುಳಿಗೆ ಏರುತ್ತದೆ. ವಾರದಿಂದ ಹತ್ತು ದಿನದಲ್ಲಿ ಬಹುತೇಕ ಮಕ್ಕಳು ಸರಿಹೋಗುತ್ತಾರೆ, ಆದರೆ ಮಲದಲ್ಲಿ ವೈರಸ್ ವಾರಗಟ್ಟಲೆ ಹೋಗುತ್ತಿರುತ್ತದೆ. ಮಗುವಿನ ಕುಂಡೆ ತೊಳೆದ ಮೇಲೆ ಸೋಪಿನಲ್ಲೇ ಕೈ ತೊಳೆಯಿರಿ, ಸ್ಯಾನಿಟೈಸರ್ ಇದಕ್ಕೆ ಅಷ್ಟಾಗಿ ನಾಟುವುದಿಲ್ಲ. ತಿಂಗಳು ಒಂದೂವರೆ ತಿಂಗಳಾದ ಮೇಲೆ ಉಗುರು ಬುಡದಿಂದ ಕಿತ್ತು ಬಂದರೆ ಗಾಬರಿಯಾಗಬೇಡಿ, ಹೊಸದು ಬರುತ್ತದೆ.

ಪ್ರಶ್ನೆ: ಬೆಳಿಗ್ಗೆ ಎದ್ದಾಗ ಕತ್ತಿನ ಮೇಲೆ ಬರೆ ಎಳೆದ ಹಾಗೆ ಉರಿ, ಸಂಜೆಗೆ ನೀರುಗುಳ್ಳೆ. ಸರ್ಪಸುತ್ತೇ ಇರಬೇಕು ಅಂತ ಎಲ್ಲರೂ ಹೆದರಿಸಿದ್ದಾರೆ. ನನಗೆ 22. (ಮೂಡಿಗೆರೆ)

ಉತ್ತರ: ಮಳೆ ಹಿಡಿದ ಮೇಲೆ ಟ್ಯೂಬ್‌ಲೈಟಿಗೆ ಬರುವ, ಇರುವೆಯಷ್ಟು ಉದ್ದದ, ಕಪ್ಪು ಕಿತ್ತಳೆ ಪಟ್ಟೆಯ ಹುಳವನ್ನು ನಿದ್ದೆಯಲ್ಲಿ ಹಿಸುಕಿರುತ್ತೀರಿ. ಅದು ಕಚ್ಚುವುದಿಲ್ಲ, ಅದರ ಮೈರಸ ಚರ್ಮವನ್ನು ಸುಡುತ್ತದೆ. ಉಜ್ಜಿದ ದಾರಿಯಲ್ಲೇ ಗೆರೆ ಮೂಡುತ್ತದೆ. ಮೊಣಕೈ ಮಡಿಕೆಯಲ್ಲಾದರೆ ಎದುರುಬದುರು ಎರಡು ಕಲೆ, ಒಂದರ ಅಚ್ಚು ಇನ್ನೊಂದು. ಸೋಪಿನಲ್ಲಿ ತೊಳೆದು ತಣ್ಣೀರ ಬಟ್ಟೆ ಇಡಿ, ಆ ಕೈಯನ್ನು ಕಣ್ಣಿಗೆ ಒಯ್ಯಬೇಡಿ. ಹುಳ ಮೈಮೇಲೆ ಕಂಡರೆ ಹೊಸಕದೆ ಊದಿ ಹಾರಿಸಿ.

ಪ್ರಶ್ನೆ: ನನ್ನ ಗಂಡ ಕಾಡಂಚಿನ ತೋಟದಲ್ಲಿ ಕೆಲಸ ಮಾಡುತ್ತಾರೆ. ಜೋರು ಜ್ವರ, ಸೊಂಟ ನೋವು, ಕಣ್ಣು ಕೆಂಪು. ಗಂಟಲ ಮೇಲ್ಭಾಗದಲ್ಲಿ ಸಣ್ಣ ಗುಳ್ಳೆ ಇವೆ ಅಂದರು ನರ್ಸಮ್ಮ. ಅಮ್ಮನೋ, ಮಂಗನ ಕಾಯಿಲೆಯೋ? (ಕೊಪ್ಪ)

ಉತ್ತರ: ನರ್ಸಮ್ಮ ಬಾಯಿ ತೆರೆಸಿ ನೋಡಿದ್ದು ಒಳ್ಳೆಯದಾಯಿತು. ಮಂಗನ ಕಾಯಿಲೆಯಲ್ಲಿ ಮೈಮೇಲೆ ನೀರುಗುಳ್ಳೆ ಏಳುವುದು ರೂಢಿಯಲ್ಲ, ಆದರೆ ಕೆಲವರಿಗೆ ಅಂಗುಳಿನ ಹಿಂಭಾಗದಲ್ಲಿ ಇಂಥ ಸಣ್ಣ ಗುಳ್ಳೆ ಕಾಣುತ್ತವೆ. ನವೆಂಬರಿನಿಂದ ಮೇವರೆಗಿನ ಕಾಲ, ಕಾಡಂಚಿನ ಕೆಲಸ, ಉಣ್ಣೆ ಕಚ್ಚಿದ ನೆನಪು, ಹತ್ತಿರದಲ್ಲಿ ಮಂಗ ಸತ್ತ ಸುದ್ದಿ ಇದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹೇಳಿ ರಕ್ತದ ಮಾದರಿ ಕೊಡಿ. ಜ್ವರಕ್ಕೆ ಪ್ಯಾರಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ಬೇಡ, ಈ ಕಾಯಿಲೆಯಲ್ಲಿ ರಕ್ತಸ್ರಾವದ ಭಯವಿದೆ. ವಸಡಿನಲ್ಲಿ ರಕ್ತ, ಕಪ್ಪು ಮಲ ಕಂಡರೆ ಕಾಯಬೇಡಿ.

ಜ್ವರ ಬಿಟ್ಟ ಮೇಲೆ ಒಂದೆರಡು ವಾರ ಆರಾಮಾಗಿದ್ದು, ಹತ್ತರಲ್ಲಿ ಒಬ್ಬಿಬ್ಬರಿಗೆ ಮತ್ತೆ ಜ್ವರ ಮರುಕಳಿಸುತ್ತದೆ. ಆಗ ತಲೆನೋವು, ಕತ್ತು ಬಿಗಿತ, ಕೈನಡುಕ, ಗೊಂದಲದ ಮಾತು ಇರುತ್ತವೆ. ಅದು ಮೆದುಳಿನ ಊತ. ಆದ್ದರಿಂದ ಜ್ವರ ಇಳಿದ ಮಾರನೇ ದಿನವೇ ಅವರನ್ನು ಕೆಲಸಕ್ಕೆ ಕಳಿಸಬೇಡಿ. ಮುಂದೆ ತೋಟಕ್ಕೆ ಹೋಗುವಾಗ ಈ ರೋಗ ಹರಡುವ ಉಣ್ಣೆ ಕಚ್ಚದಂತೆ ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಳ್ಳಲಿ, ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ ಸ್ನಾನ ಮಾಡಲಿ.