ಒಂದೇ ನಂಪೈ (ಪೈಥಾನ್ ಭಾಷೆಯಲ್ಲಿ ಅಂಕಿಗಳ ಲೆಕ್ಕಕ್ಕೆ ಬಳಸುವ ಲೈಬ್ರರಿ) ಕೋಡ್ ಮನೆಯ ಲಿನಕ್ಸ್‌ನಲ್ಲಿ ಸರಿ, ಆಫೀಸಿನ ವಿಂಡೋಸ್‌ನಲ್ಲಿ ಮೈನಸ್ ಉತ್ತರ. ಯಾಕೆ?

ನಿಮ್ಮ ಲೆಕ್ಕ ತಪ್ಪಿಲ್ಲ, ಕಂಪ್ಯೂಟರೂ ಕೆಟ್ಟಿಲ್ಲ. ನಾನೂ ಇದೇ ಗುಂಡಿಗೆ ಬಿದ್ದು ಎದ್ದವನು.

ಶಿವಮೊಗ್ಗದ ಒಂದು ಅಡಿಕೆ ಮಂಡಿಗೆ ಪಟ್ಟಿ ಹಾಕುವ ಸಣ್ಣ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ದಶಾಂಶದ ತಾಪತ್ರಯವೇ ಬೇಡ ಅಂತ ತೂಕವನ್ನು ಗ್ರಾಂನಲ್ಲಿ, ದರವನ್ನು ಪೈಸೆಯಲ್ಲಿ ಇಟ್ಟಿದ್ದೆ. ಗುಣಿಸಿ 1,000ದಿಂದ ಭಾಗಿಸಿದರೆ ಆಯಿತು, ಅಲ್ವಾ? ನನ್ನ ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ ಎಲ್ಲ ಸರಿ ಇತ್ತು. ಮಂಡಿಯ ವಿಂಡೋಸ್‌ನಲ್ಲೂ 40 ಕೆ.ಜಿ. ಚೀಲಕ್ಕೆ ಸರಿಯಾಗಿಯೇ ಬಂತು. ಆಮೇಲೆ 65 ಕೆ.ಜಿ. ಚೀಲ, ಕೆ.ಜಿ.ಗೆ 480 ರೂಪಾಯಿ. ಬರಬೇಕಾದದ್ದು 31,200. ಬಂದದ್ದು ಮೈನಸ್ 11,749 ಚಿಲ್ಲರೆ. "ಏನ್ ಸ್ವಾಮಿ, ಅಡಿಕೆ ತಂದವರೇ ನಮಗೆ ದುಡ್ಡು ಕೊಡಬೇಕಾ?" ಅಂತ ರೈಟರು ನಕ್ಕರು.

65,000 × 48,000 ಅಂದರೆ 312 ಕೋಟಿ. 32 ಬಿಟ್ ಪೂರ್ಣಾಂಕದಲ್ಲಿ, ಅಂದರೆ ಕಂಪ್ಯೂಟರು 32 ಸೊನ್ನೆ-ಒಂದುಗಳ ಜಾಗದಲ್ಲಿ ಇಡುವ ಅಂಕಿಯಲ್ಲಿ, ಹಿಡಿಸುವುದು 214,74,83,647ರ ತನಕ ಮಾತ್ರ. ಅದನ್ನು ಮೀರಿದರೆ 429,49,67,296 ಕಳೆದುಹೋಗಿ ಮೈನಸ್ ಕಡೆಗೆ ಸುತ್ತಿಕೊಳ್ಳುತ್ತದೆ. ಬರೀ ಪೈಥಾನ್ ಪೂರ್ಣಾಂಕಕ್ಕೆ ಈ ಮಿತಿ ಇಲ್ಲ. ನಂಪೈ ಅರೇ (ಒಂದೇ ಬಗೆಯ ಅಂಕಿಗಳ ಸಾಲು) ಒಳಗೆ ಹೋದ ಮೇಲೆ ಇದೆ, ಅದೂ ಒಂದು ಎಚ್ಚರಿಕೆ ಕೂಡ ಕೊಡದೆ.

ವಿಂಡೋಸ್‌ನಲ್ಲೇ ಯಾಕೆ? ನಾವು ಏನೂ ಹೇಳದಿದ್ದರೆ ಹಳೆಯ ನಂಪೈ ಪೂರ್ಣಾಂಕಕ್ಕೆ, ಸಿ ಭಾಷೆಯ 'ಲಾಂಗ್' ಎಂಬ ಪೂರ್ಣಾಂಕದ ಗಾತ್ರ ಎಷ್ಟಿದೆಯೋ ಅಷ್ಟನ್ನೇ ತೆಗೆದುಕೊಳ್ಳುತ್ತಿತ್ತು. 64 ಬಿಟ್ ಲಿನಕ್ಸ್, ಮ್ಯಾಕ್‌ನಲ್ಲಿ ಲಾಂಗ್ ಅಂದರೆ 64 ಬಿಟ್. ವಿಂಡೋಸ್ 64 ಬಿಟ್ ಆದರೂ ಅಲ್ಲಿ ಲಾಂಗ್ 32 ಬಿಟ್ಟೇ. 2024ರಲ್ಲಿ ಬಂದ ನಂಪೈ 2.0ದಲ್ಲಿ ಇದನ್ನು ಸರಿ ಮಾಡಿದ್ದಾರೆ. ಆದರೆ 32 ಬಿಟ್ ಓಎಸ್ ಹಾಕಿದ ರಾಸ್ಪ್‌ಬೆರಿ ಪೈಯಂಥ ಪುಟ್ಟ ಕಂಪ್ಯೂಟರಿನಲ್ಲಿ ಈಗಲೂ 32 ಬಿಟ್ಟೇ ಸಿಗುತ್ತದೆ.

ನಿಜ ಹೇಳಬೇಕಂದರೆ ಮೈನಸ್ ಬಂದದ್ದು ನಿಮ್ಮ ಪುಣ್ಯ, ಕಣ್ಣಿಗೆ ಬಿತ್ತು. ಸುಮ್ನೆ 90 ಕೆ.ಜಿ. ಕೊಟ್ಟು ನೋಡಿದೆ. 43,200 ಬರಬೇಕಾದ ಕಡೆ 250 ರೂಪಾಯಿ ಬಂತು. ಮೈನಸ್ಸೂ ಇಲ್ಲ, ಏನೂ ಇಲ್ಲ. ದೊಡ್ಡ ಪಟ್ಟಿಯ ನಡುವೆ ಅಂಥದ್ದೊಂದು ಸೇರಿಕೊಂಡರೆ ಯಾರು ಹುಡುಕುತ್ತಾರೆ?

ಅರೇ ಮಾಡುವಾಗಲೇ ಡಿಟೈಪ್ (dtype, ಅಂಕಿಯ ಬಗೆ) 'ಇಂಟ್64' (int64, 64 ಬಿಟ್ ಪೂರ್ಣಾಂಕ) ಅಂತ ಬರೆದುಬಿಡಿ. ಗುಣಿಸಿದ ಮೇಲೆ ಬದಲಾಯಿಸಿದರೆ ಪ್ರಯೋಜನವಿಲ್ಲ, ಅಷ್ಟರಲ್ಲಿ ಅಂಕಿ ಹೋಗಿರುತ್ತದೆ. 'ಆ್ಯಸ್‌ಟೈಪ್' (astype) ಬಳಸಿ ಅಂಕಿಯ ಬಗೆ ಬದಲಾಯಿಸುವಾಗಲೂ ಬರೀ 'ಇಂಟ್' ಅಂತ ಬಿಡಬೇಡಿ, ವಿಂಡೋಸ್‌ನ ಹಳೆಯ ನಂಪೈಯಲ್ಲಿ ಅದೂ 32ಕ್ಕೇ ಇಳಿಸುತ್ತದೆ. ಮೊದಲು ಆಫೀಸಿನ ನಂಪೈ ಆವೃತ್ತಿ ನೋಡಿ. 1ರಿಂದ ಶುರುವಾಗಿದ್ದರೆ ಬಹುಪಾಲು ಇದೇ ಕಾರಣ.