ರೇಟಿಂಗ್ ನೋಡಿ ಮನೆ ಹಿಡಿಯೋದಾ? ವೆಸ್ಟ್ ವಿಂಡ್ಸರ್-ಪ್ಲೇನ್ಸ್‌ಬರೋ ಶಾಲೆಗಳ ಬಗ್ಗೆ

ನೀವು ಕೇಳಿದ್ದು ಇಷ್ಟು. ನಿಮ್ಮ ಯಜಮಾನರಿಗೆ ನ್ಯೂಜೆರ್ಸಿಗೆ ವರ್ಗವಾಗಿದೆ. ಮಗಳು ಏಳನೇ ಕ್ಲಾಸು, ಮಗ ಎರಡನೇ ಕ್ಲಾಸು. ಗೊತ್ತಿರುವವರೆಲ್ಲ "ವೆಸ್ಟ್ ವಿಂಡ್ಸರ್-ಪ್ಲೇನ್ಸ್‌ಬರೋ ಸ್ಕೂಲ್ ಡಿಸ್ಟ್ರಿಕ್ಟಿನಲ್ಲೇ ಮನೆ ಹಿಡಿಯಿರಿ, ರೇಟಿಂಗ್ ತುಂಬಾ ಚೆನ್ನಾಗಿದೆ" ಅನ್ನುತ್ತಿದ್ದಾರೆ. ಬಾಡಿಗೆ ಕೇಳಿದರೆ ಎದೆ ಧಸಕ್ ಅನ್ನುತ್ತದೆ. ಅಷ್ಟು ದುಡ್ಡು ಕೊಟ್ಟು ಅಲ್ಲೇ ಇರಬೇಕಾ?

ನಾನು ಹಾಸನದ ಕಡೆಯವಳು. 2011ರಿಂದ ಇಲ್ಲೇ ಇದ್ದೇವೆ. ಮಗಳು ಆ ವರ್ಷ ಕಿಂಡರ್‌ಗಾರ್ಟನ್‌ಗೆ ಸೇರಿ 2024ರಲ್ಲಿ ಹೈಸ್ಕೂಲ್ ಮುಗಿಸಿದಳು. ಉತ್ತರ ಮೊದಲೇ ಹೇಳಿಬಿಡುತ್ತೇನೆ. ಶಾಲೆಗಳು ನಿಜಕ್ಕೂ ಒಳ್ಳೆಯವು. ಖರ್ಚು ತೂಗಿಸಲು ಆದರೆ ಖಂಡಿತ ಬನ್ನಿ. ಆದರೆ ರೇಟಿಂಗ್ ನಂಬಿಕೊಂಡು ಬರಬೇಡಿ. ವೆಬ್‌ಸೈಟುಗಳು ಶಾಲೆಗಳಿಗೆ ಕೊಡುವ ಆ ಅಂಕಿ ಬಹುಪಾಲು ಮಕ್ಕಳ ಪರೀಕ್ಷೆಯ ಅಂಕಗಳಿಂದ ಬರುವಂಥದ್ದು. ಓದಿಕೊಂಡ ಅಪ್ಪ ಅಮ್ಮಂದಿರು ಜಾಸ್ತಿ ಇರುವ ಊರಿನಲ್ಲಿ ಅಂಕ ಬಂದೇ ಬರುತ್ತದೆ. ಆ ಅಂಕಿ ಹಿಡಿದುಕೊಂಡು ಬಂದವರು ಮಕ್ಕಳ ಹೆಗಲ ಮೇಲೆ ಏನು ಹೊರಿಸುತ್ತಾರೆ ಅಂತ ಕಣ್ಣಾರೆ ನೋಡಿದ್ದೇನೆ. ಒಂದು ವರ್ಷ ನಾನೂ ಹೊರಿಸಿದ್ದೆ. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಈ "ಡಿಸ್ಟ್ರಿಕ್ಟ್" ಅನ್ನೋ ಮಾತು. ಇದು ಹಾಸನ ಜಿಲ್ಲೆ, ತುಮಕೂರು ಜಿಲ್ಲೆ ಥರದ್ದಲ್ಲ. ಒಂದೋ ಎರಡೋ ಊರು ಸೇರಿ ತಮ್ಮ ಸರ್ಕಾರಿ ಶಾಲೆಗಳನ್ನು ತಾವೇ ನಡೆಸಿಕೊಳ್ಳುವ ಏರ್ಪಾಡು. ಇಷ್ಟು ಚಿಕ್ಕ ರಾಜ್ಯದಲ್ಲಿ ಇಂಥವು 600ರ ಹತ್ತಿರ ಇವೆ. ನೀವು ಕೇಳಿದ ಡಿಸ್ಟ್ರಿಕ್ಟ್ ಎರಡು ಊರುಗಳದ್ದು. ವೆಸ್ಟ್ ವಿಂಡ್ಸರ್ ಇರುವುದು ಮರ್ಸರ್ ಕೌಂಟಿಯಲ್ಲಿ, ಪ್ಲೇನ್ಸ್‌ಬರೋ ಪಕ್ಕದ ಮಿಡ್ಲ್‌ಸೆಕ್ಸ್ ಕೌಂಟಿಯಲ್ಲಿ. ನಮ್ಮ ಜಿಲ್ಲೆ ಥರದ್ದು ಅಂದರೆ ಈ ಕೌಂಟಿ. ಎರಡಕ್ಕೂ ಸೇರಿ 10 ಶಾಲೆ. ಕೊನೆಗೆ ಎಲ್ಲರೂ ಸೌತ್ ಅಥವಾ ನಾರ್ತ್ ಅನ್ನುವ ಹೈಸ್ಕೂಲಿಗೆ ಹೋಗುತ್ತಾರೆ. ಒಂಬತ್ತು ಜನರ ಬೋರ್ಡ್ ಇದೆ. ಊರವರೇ ಓಟು ಹಾಕಿ ಆರಿಸುತ್ತಾರೆ, ಆ ಕೆಲಸಕ್ಕೆ ಸಂಬಳ ಇಲ್ಲ. ನಮ್ಮ ಕಡೆ ಶಾಲೆಗೆ ಎಸ್‌ಡಿಎಂಸಿ ಇರುತ್ತದಲ್ಲ, ಅದಕ್ಕೆ ಬಜೆಟ್ ಮಾಡುವ, ಮುಖ್ಯ ಅಧಿಕಾರಿಯನ್ನು ನೇಮಿಸುವ ಅಧಿಕಾರ ಸಿಕ್ಕಿದರೆ ಹೇಗೋ ಹಾಗೆ. ಆ ಅಧಿಕಾರಿಗೆ ಸೂಪರಿಂಟೆಂಡೆಂಟ್ ಅನ್ನುತ್ತಾರೆ. ಇನ್ನೊಂದು ಮಾತು. ಇಲ್ಲಿ ಪಬ್ಲಿಕ್ ಸ್ಕೂಲ್ ಅಂದರೆ ಸರ್ಕಾರಿ ಶಾಲೆ. ಡೊನೇಶನ್ ಇಲ್ಲ, ಇಂಟರ್‌ವ್ಯೂ ಇಲ್ಲ. ಬಾಡಿಗೆಗೆ ಇದ್ದರೂ ಆ ಊರಿನಲ್ಲಿ ವಾಸ ಇದ್ದರೆ ಸಾಕು, ಸೀಟು ಕೊಡಲೇಬೇಕು.

ಫೀಸು ಇಲ್ಲ ಅಂದ ಮಾತ್ರಕ್ಕೆ ಪುಕ್ಕಟೆ ಅಲ್ಲ. ನ್ಯೂಜೆರ್ಸಿಯಲ್ಲಿ ಒಂದು ಮನೆಗೆ ಸರಾಸರಿ ವರ್ಷಕ್ಕೆ ಸುಮಾರು 10 ಸಾವಿರ ಡಾಲರ್ ಕಂದಾಯ ಬೀಳುತ್ತದೆ. ಇಡೀ ದೇಶದಲ್ಲಿ ಇಲ್ಲೇ ಜಾಸ್ತಿ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಶಾಲೆಗೇ ಹೋಗುತ್ತದೆ. ನಿಮ್ಮ ಬಾಡಿಗೆ ಯಾಕೆ ಅಷ್ಟು ಅಂತ ಕೇಳಿದ್ದಿರಲ್ಲ, ಮನೆ ಮಾಲೀಕರು ಕಟ್ಟುವ ಈ ಕಂದಾಯವೂ ಅದರೊಳಗೆ ಸೇರಿದೆ. ನಮ್ಮ ಬೀದಿಯಲ್ಲಿ ಎಂಬತ್ತು ದಾಟಿದ ಅಜ್ಜಿ ಒಬ್ಬರಿದ್ದಾರೆ. ಅವರ ಮಕ್ಕಳು ಶಾಲೆ ಬಿಟ್ಟು ಎಷ್ಟೋ ವರ್ಷವಾಯಿತು. ಅವರು ಇವತ್ತಿಗೂ ಕಟ್ಟುತ್ತಿದ್ದಾರೆ. ನನ್ನ ಮಗಳ ಸ್ಕೂಲ್ ಬಸ್ಸಿನಲ್ಲಿ, ಅವಳು ಊದಿದ ಕ್ಲಾರಿನೆಟ್‌ನಲ್ಲಿ ಅವರ ದುಡ್ಡೂ ಇದೆ. ಇದು ಗೊತ್ತಾದ ಮೇಲೆ ಅವರ ಮನೆ ಮುಂದಿನ ಹಿಮ ತೆಗೆಯುವುದು ನಮ್ಮ ಕೆಲಸ ಅಂತಲೇ ಅಂದುಕೊಂಡೆವು.

ಈ ಊರುಗಳೇನೂ ಮೊದಲಿನಿಂದ ಹೀಗಿದ್ದವಲ್ಲ. ಹೊಲ, ತೋಟ, ಡೈರಿ ಇದ್ದ ಜಾಗ. ಪ್ಲೇನ್ಸ್‌ಬರೋದಲ್ಲಿ ವಾಕರ್-ಗಾರ್ಡನ್ ಅಂತ ದೊಡ್ಡ ಡೈರಿ ಇತ್ತು. 1930ರಷ್ಟು ಹಿಂದೆಯೇ ಅಲ್ಲಿ ತಿರುಗುವ ಕಟ್ಟೆಯ ಮೇಲೆ 50 ಹಸುಗಳನ್ನು ನಿಲ್ಲಿಸಿ, ಕಟ್ಟೆ ಒಂದು ಸುತ್ತು ಬರುವಷ್ಟರಲ್ಲಿ ಯಂತ್ರದಲ್ಲಿ ಹಾಲು ಕರೆಯುತ್ತಿದ್ದರಂತೆ. ನಮ್ಮಪ್ಪ ದಿನಾ ಬೆಳಿಗ್ಗೆ ಸೊಸೈಟಿಗೆ ಹಾಲು ಹಾಕಿ ನಮ್ಮನ್ನು ಓದಿಸಿದವರು. ಇಲ್ಲಿಗೆ ಬಂದಿದ್ದಾಗ ಈ ಕಥೆ ಹೇಳಿದರೆ, ಆ ಡೈರಿ ಇದ್ದ ಜಾಗ ತೋರಿಸು ಅಂತ ಹಟ ಮಾಡಿ ಹೋಗಿ ನೋಡಿಕೊಂಡು ಬಂದರು. ಈಗ ಅಲ್ಲಿ ಮನೆಗಳಿವೆ. ಆಮೇಲೆ ರೂಟ್ 1 ಅನ್ನುವ ಹೆದ್ದಾರಿಯ ಉದ್ದಕ್ಕೂ ಕಂಪನಿಗಳು ಬಂದವು. ಪ್ರಿನ್ಸ್‌ಟನ್ ಜಂಕ್ಷನ್‌ನಲ್ಲಿ ರೈಲು ಹತ್ತಿದರೆ ಹೆಚ್ಚುಕಡಿಮೆ ಒಂದು ಗಂಟೆಗೆ ನ್ಯೂಯಾರ್ಕ್. ಹೊಲಗಳು ಸೈಟುಗಳಾದವು. ಸೌತ್ ಹೈಸ್ಕೂಲ್ ಶುರುವಾಗಿದ್ದು 1973ರಲ್ಲಿ, ನಾರ್ತ್ 1997ರಲ್ಲಿ. ಎರಡನೆಯದು ಬೇಕಾಗುವಷ್ಟು ಮಂದಿಯಲ್ಲಿ ನಮ್ಮವರು, ಚೀನಾದವರು ತುಂಬಾ ಜನ.

ಆಮೇಲೆ ಹೇಳುತ್ತೇನೆ ಅಂದಿದ್ದೆನಲ್ಲ, ಈಗ ಆ ವರ್ಷದ ವಿಷಯ. ಅದು 2015.

ಆ ವರ್ಷ ಅಕ್ಟೋಬರ್‌ನಲ್ಲಿ ಸೂಪರಿಂಟೆಂಡೆಂಟ್ ಡೇವಿಡ್ ಅಡರ್‌ಹೋಲ್ಡ್ ಅಪ್ಪ ಅಮ್ಮಂದಿರಿಗೆ 16 ಪುಟದ ಕಾಗದ ಬರೆದರು. ಮಕ್ಕಳ ಮೇಲಿನ ಒತ್ತಡ ಮಿತಿ ಮೀರಿದೆ ಅಂತ ಕಾಗದದ ಸಾರ. ಹಿಂದಿನ ಶಾಲಾ ವರ್ಷದಲ್ಲಿ 120 ಮಿಡಲ್ ಮತ್ತು ಹೈಸ್ಕೂಲ್ ಮಕ್ಕಳನ್ನು ಮಾನಸಿಕ ಆರೋಗ್ಯದ ತಪಾಸಣೆಗೆ ಕಳಿಸಬೇಕಾಗಿತ್ತು. 40 ಮಕ್ಕಳು ಆಸ್ಪತ್ರೆಗೆ ಸೇರಿದ್ದರು. ಹೈಸ್ಕೂಲಿನ ಮಿಡ್‌ಟರ್ಮ್, ಫೈನಲ್ ಪರೀಕ್ಷೆಗಳನ್ನು ತೆಗೆದರು. ಹೋಂವರ್ಕ್ ಇಲ್ಲದ ರಾತ್ರಿಗಳನ್ನು ಗೊತ್ತು ಮಾಡಿದರು. ನಾಲ್ಕನೇ ಕ್ಲಾಸಿಗೇ ಶುರುವಾಗುತ್ತಿದ್ದ ಮುಂದುವರಿದ ಗಣಿತದ ಪಾಠವನ್ನು ಆರನೇ ಕ್ಲಾಸಿಗೆ ತಳ್ಳಿದರು. ಆಗ ಡಿಸ್ಟ್ರಿಕ್ಟಿನಲ್ಲಿ ಸುಮಾರು 9,700 ಮಕ್ಕಳು. ನೂರಕ್ಕೆ 65ರಷ್ಟು ಏಷ್ಯಾ ಮೂಲದವರು. ಊರು ಎರಡು ಪಾಲಾಯಿತು. ನಮ್ಮವರಲ್ಲಿ ಸುಮಾರು ಜನ "ಮಟ್ಟ ಇಳಿಸುತ್ತಿದ್ದಾರೆ, ನಮ್ಮ ಮಕ್ಕಳ ಅನ್ನ ಕಸಿಯುತ್ತಿದ್ದಾರೆ" ಅಂದರು. ನ್ಯೂಯಾರ್ಕ್ ಟೈಮ್ಸ್‌ನಲ್ಲಿ ನಮ್ಮೂರಿನ ಜಗಳ ದೊಡ್ಡದಾಗಿ ಬಂತು.

ನನ್ನ ಮಗಳು ಆಗ ಸರಿಯಾಗಿ ನಾಲ್ಕನೇ ಕ್ಲಾಸು. ನನಗೂ ಸಿಟ್ಟು ಬಂದಿತ್ತು. ಶಾಲೆಯಲ್ಲಿ ಕೊಡದಿದ್ದರೆ ಏನಂತೆ, ಹೊರಗೆ ಕೊಡಿಸುತ್ತೇನೆ ಅಂತ ಶನಿವಾರ ಭಾನುವಾರ ಎರಡೂ ದಿನ ಗಣಿತದ ಕೋಚಿಂಗ್‌ಗೆ ಹಾಕಿದೆ. ಒಂದು ಶನಿವಾರ ಬೆಳಿಗ್ಗೆ ಅಡುಗೆಮನೆಯಲ್ಲಿ ದೋಸೆ ಹೊಯ್ಯುತ್ತಿದ್ದೆ. ಅವಳು ಊಟದ ಮೇಜಿನ ಹತ್ತಿರ ಕೋಚಿಂಗ್‌ನವರು ಕೊಟ್ಟ ಹಾಳೆ ಹರಡಿಕೊಂಡು ಕೂತಿದ್ದಳು. ಬರೆಯುವ ಸದ್ದಿಲ್ಲ. ಬರೀ ರಬ್ಬರ್ ಉಜ್ಜುವ ಸದ್ದು. ಹೋಗಿ ನೋಡಿದರೆ ಒಂದೇ ಲೆಕ್ಕವನ್ನು ಉಜ್ಜಿ ಉಜ್ಜಿ ಹಾಳೆ ತೂತಾಗಿದೆ. ತೂತಿನೊಳಗಿಂದ ಮೇಜಿನ ಮರ ಕಾಣಿಸುತ್ತಿದೆ. ಅವಳು ಅಳಲಿಲ್ಲ. "ಅಮ್ಮಾ, ಹೊಸ ಹಾಳೆ ಕೊಡ್ತೀಯಾ, ಇದನ್ನ ಅವರಿಗೆ ತೋರಿಸ್ಬೇಡ" ಅಂದಳು. ಒಂಬತ್ತು ವರ್ಷದ ಮಗು. ಹಂಚಿನ ಮೇಲೆ ದೋಸೆ ಸೀದು ಹೋಯಿತು. ಅವತ್ತು ಕೋಚಿಂಗ್‌ಗೆ ಕಳಿಸಲಿಲ್ಲ. ಮುಂದೆಯೂ ಕಳಿಸಲಿಲ್ಲ.

ಆ ಕಾಗದವನ್ನು ಮತ್ತೆ ತೆಗೆದು ಪೂರ್ತಿ ಓದಿದ್ದು ಆ ರಾತ್ರಿ. ಮೊದಲ ಸಲ ಗಣಿತದ ಸಾಲುಗಳನ್ನಷ್ಟೇ ಓದಿ ಸಿಟ್ಟಾಗಿದ್ದೆ. ಆಸ್ಪತ್ರೆ ಸೇರಿದ ಆ 40 ಮಕ್ಕಳ ಮಾತು ಕಣ್ಣಿಗೆ ಬಿದ್ದಿದ್ದೇ ಎರಡನೇ ಸಲ. ಕೋಪ ಮಾಡಿಕೊಂಡವರೆಲ್ಲ ಕೆಟ್ಟವರಲ್ಲ. ಒಂದು ರ್‍ಯಾಂಕ್ ತಪ್ಪಿದರೆ ಸೀಟು ತಪ್ಪುತ್ತದೆ ಅನ್ನುವ ಕಡೆಯಿಂದ ಬಂದವರು ನಾವು. ಸಿಇಟಿ ಬರೆದವರಿಗೆ ಆ ಭಯ ಮೈಯಲ್ಲೇ ಇರುತ್ತದೆ. ಆದರೆ ಅದು ನಮ್ಮ ಭಯ. ಮಕ್ಕಳದ್ದಲ್ಲ ಅಲ್ವಾ?

ಆಗ ತಂದ ಇನ್ನೊಂದು ಬದಲಾವಣೆ ನನಗೆ ತುಂಬಾ ಇಷ್ಟ. ಚೆನ್ನಾಗಿ ನುಡಿಸಲು ಬರಲಿ ಬಿಡಲಿ, ಯಾವ ಮಗು ಬೇಕಾದರೂ ಸಂಗೀತ ಸೇರಬಹುದು ಅಂತ ಮಾಡಿದರು. ಅದಕ್ಕೆ ಅವರು ಇಟ್ಟ ಹೆಸರು ಕನ್ನಡದಲ್ಲಿ "ಕೀಂಯ್ ಅನ್ನಿಸುವ ಹಕ್ಕು" ಅಂದ ಹಾಗೆ. ನನ್ನ ಮಗಳ ಕ್ಲಾರಿನೆಟ್ ಎರಡು ವರ್ಷ ಕೀಂಯ್ ಅಂದೇ ಅಂದಿತು. ಆಮೇಲೆ ಚೆನ್ನಾಗಿ ನುಡಿಸಿದಳು. ಹೈಸ್ಕೂಲಿನಲ್ಲಿ ಫೈನಲ್ ಪರೀಕ್ಷೆ ಇಲ್ಲದೆಯೇ ಓದಿ ಒಳ್ಳೆಯ ಕಾಲೇಜು ಸೇರಿದಳು.

ಸೇರಿಸುವಾಗ ಒಂದು ಫಾರಂ ಕೊಡುತ್ತಾರೆ. ಮಗು ಮೊದಲು ಕಲಿತ ಭಾಷೆ ಯಾವುದು, ಮನೆಯಲ್ಲಿ ಯಾವ ಭಾಷೆ ಆಡುತ್ತೀರಿ ಅಂತ ಕೇಳಿರುತ್ತದೆ. ನಮ್ಮವರು ಸುಮಾರು ಜನ ಅಲ್ಲಿ ಇಂಗ್ಲಿಷ್ ಅಂತ ಬರೆದುಬಿಡುತ್ತಾರೆ. ಬೇರೆ ಭಾಷೆ ಬರೆದರೆ ಮಗುವಿನ ಇಂಗ್ಲಿಷ್ ಪರೀಕ್ಷೆ ಮಾಡುತ್ತಾರೆ, ದಡ್ಡರ ಸಾಲಿಗೆ ಸೇರಿಸುತ್ತಾರೆ ಅಂತ ಹೆದರಿಕೆ. ನಾನೂ ಇಂಗ್ಲಿಷ್ ಅಂತಲೇ ಬರೆದಿದ್ದೆ. ಪಕ್ಕದಲ್ಲಿ ಕೂತಿದ್ದ ನನ್ನ ಗಂಡ ಏನೂ ಮಾತಾಡದೆ ಪೆನ್ನು ತೆಗೆದುಕೊಂಡು ಅದನ್ನು ಹೊಡೆದು ಕನ್ನಡ ಅಂತ ಬರೆದರು. ಪರೀಕ್ಷೆ ಮಾಡಿದರು. ಇಂಗ್ಲಿಷ್ ಸ್ವಲ್ಪ ಸಾಲದು ಅಂತ ಒಂದು ವರ್ಷ ಬೇರೆ ಟೀಚರ್ ಹತ್ತಿರ ಸ್ವಲ್ಪ ಹೊತ್ತು ಕೂರಿಸಿದರು. ಆ ಟೀಚರ್ ದಿನಾ "ನಿಮ್ಮ ಭಾಷೆಯಲ್ಲಿ ಇದಕ್ಕೆ ಏನಂತಾರೆ" ಅಂತ ಕೇಳುತ್ತಿದ್ದರಂತೆ. ಚಿಟ್ಟೆ ಅನ್ನೋದನ್ನು ಕಲಿತು ಇಡೀ ಕ್ಲಾಸಿಗೆ ಹೇಳಿಸಿದ್ದರಂತೆ. ನಿಮ್ಮ ಮನೆಮಾತು ಕನ್ನಡ ಆದರೆ ಕನ್ನಡ ಅಂತಲೇ ಬರೆಯಿರಿ. ಅದು ದಡ್ಡತನದ ಗುರುತಲ್ಲ. ಸಿಗಬೇಕಾದ ಸಹಾಯ ಸಿಗುತ್ತದೆ, ಅಷ್ಟೇ. ಕಲಿಕೆಯಲ್ಲಿ ತೊಂದರೆ ಇರುವ ಮಕ್ಕಳ ವಿಷಯವೂ ಹೀಗೆಯೇ. ಮುಚ್ಚಿಡಬೇಡಿ. 1975ರಿಂದ ಈ ದೇಶದ ಕಾನೂನು ಅಂಥ ಮಕ್ಕಳನ್ನು ಸರ್ಕಾರಿ ಶಾಲೆ ಕಲಿಸಲೇಬೇಕು ಅನ್ನುತ್ತದೆ. ಖರ್ಚು ಶಾಲೆಯದ್ದೇ.

ಇನ್ನೊಂದು ವಿಷಯ ನೀವು ಕೇಳಿಲ್ಲ. ಆದರೂ ಹೇಳುತ್ತೇನೆ, ಮನಸ್ಸು ತಡೆಯುವುದಿಲ್ಲ. ನಮ್ಮಿಂದ ಕಾರಿನಲ್ಲಿ ಅರ್ಧ ಗಂಟೆಯೂ ಇಲ್ಲ, ಅದೇ ಮರ್ಸರ್ ಕೌಂಟಿಯಲ್ಲಿ ಟ್ರೆಂಟನ್ ಇದೆ. ರಾಜ್ಯದ ರಾಜಧಾನಿ. ಬಡವರ ಊರು, ಬೇರೆ ಡಿಸ್ಟ್ರಿಕ್ಟ್. ಕಂದಾಯದಿಂದಲೇ ಶಾಲೆ ನಡೆಸಿ ಅಂದರೆ ಬಡ ಊರಿನ ಶಾಲೆ ಬಡವಾಗಿಯೇ ಇರುತ್ತದೆ. ಇದೇ ವಿಷಯಕ್ಕೆ ಆಬಟ್ ವಿರುದ್ಧ ಬರ್ಕ್ ಅನ್ನುವ ಕೇಸ್ ನಡೆದು, 1990ರಲ್ಲಿ ನ್ಯೂಜೆರ್ಸಿ ಸುಪ್ರೀಂ ಕೋರ್ಟ್ ಬಡ ನಗರಗಳ ಶಾಲೆಗಳಿಗೂ ಸಿರಿವಂತ ಊರುಗಳಷ್ಟೇ ಹಣ ಸಿಗಬೇಕು ಅಂದಿತು. ಟ್ರೆಂಟನ್‌ಗೆ ಈಗ ರಾಜ್ಯದ ಹಣ ಜಾಸ್ತಿ ಹೋಗುತ್ತದೆ. ಆದರೂ ಎರಡೂ ಊರಿನ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುವುದಿಲ್ಲ. ಮೌಂಟ್ ಲಾರೆಲ್ ಅನ್ನುವ ಊರಿನ ಕೇಸಿನಲ್ಲಿ 1975ರಲ್ಲಿ, ಮತ್ತೆ 1983ರಲ್ಲಿ ಬಂದ ತೀರ್ಪುಗಳ ಪ್ರಕಾರ ಪ್ರತಿ ಊರೂ ಕಡಿಮೆ ಆದಾಯದವರ ಮನೆಗಳಿಗೆ ಜಾಗ ಬಿಡಬೇಕು. ಹೊಸ ಅಪಾರ್ಟ್‌ಮೆಂಟಿನ ಮಾತು ಬಂದಾಗಲೆಲ್ಲ ಸಭೆಯಲ್ಲಿ "ಶಾಲೆ ತುಂಬಿಹೋಗುತ್ತದೆ" ಅಂತ ಯಾರಾದರೂ ಏಳುತ್ತಾರೆ. ಹಾಗೆ ಎದ್ದವರಲ್ಲಿ ನಮ್ಮವರೂ ಇರುತ್ತಾರೆ. ನಾವೆಲ್ಲ ಮೊದಲು ಬಂದು ಇಳಿದಿದ್ದು ಪ್ಲೇನ್ಸ್‌ಬರೋದ ಅಪಾರ್ಟ್‌ಮೆಂಟುಗಳಲ್ಲೇ. ಎರಡು ಸೂಟ್‌ಕೇಸು, ಒಂದು ಕುಕ್ಕರ್ ಹಿಡಿದು ಬಂದ ನಮಗೆ ಆಗ ಯಾರೂ ಬಾಗಿಲು ಹಾಕಲಿಲ್ಲ. ಇದನ್ನು ನಾನು ಸಭೆಯಲ್ಲೂ ಎದ್ದು ನಿಂತು ಹೇಳಿದ್ದೇನೆ.

ನೀವೂ ಬಂದ ಮೇಲೆ ಬೋರ್ಡ್ ಸಭೆಗೆ ಒಂದು ಸಲ ಹೋಗಿ. ಹೆಚ್1ಬಿ ಅನ್ನುವ ಕೆಲಸದ ವೀಸಾದಲ್ಲಿ ಇದ್ದರೆ, ಗ್ರೀನ್ ಕಾರ್ಡ್ ಇದ್ದರೂ ಅಷ್ಟೇ, ಓಟು ಇಲ್ಲ. ಆದರೆ ಮಾತಾಡಲು ಓಟು ಬೇಡ. ಹೆಸರು, ಊರು ಹೇಳಿ ಕೆಲವು ನಿಮಿಷ ಮಾತಾಡಬಹುದು. ಒಂಬತ್ತು ಜನ ಕೂತು ಕೇಳುತ್ತಾರೆ.

ಮನೆ ಹುಡುಕುವಾಗ ಒಂದು ಎಚ್ಚರಿಕೆ. ವಿಳಾಸದಲ್ಲಿ "ಪ್ರಿನ್ಸ್‌ಟನ್, 08540" ಅಂತ ಇದ್ದರೆ ಅದು ಪ್ರಿನ್ಸ್‌ಟನ್ ಡಿಸ್ಟ್ರಿಕ್ಟೇ ಆಗಬೇಕಿಲ್ಲ. ಆ ಒಂದು ಪಿನ್‌ಕೋಡಿನೊಳಗೆ ಹಲವು ಊರುಗಳು ಬರುತ್ತವೆ. ಈ ಮನೆಯ ಕಂದಾಯ ಯಾವ ಟೌನ್‌ಶಿಪ್‌ಗೆ, ಅಂದರೆ ಯಾವ ಊರಿನ ಆಡಳಿತಕ್ಕೆ, ಹೋಗುತ್ತದೆ ಅಂತ ಕೇಳಿ, ಆಮೇಲೆ ಡಿಸ್ಟ್ರಿಕ್ಟ್ ಆಫೀಸಿಗೆ ಫೋನ್ ಮಾಡಿ ಖಚಿತ ಮಾಡಿಕೊಳ್ಳಿ. ಬಾಡಿಗೆ ಕೊಟ್ಟು ತಿಂಗಳ ಕೊನೆಗೆ ಕೈ ಖಾಲಿ ಆಗುವುದಾದರೆ ಸೌತ್ ಬ್ರನ್ಸ್‌ವಿಕ್, ರಾಬಿನ್ಸ್‌ವಿಲ್ ಕಡೆಯೂ ನೋಡಿ. ಅಲ್ಲಿಯ ಶಾಲೆಗಳೂ ಚೆನ್ನಾಗಿವೆ, ನಮ್ಮವರೂ ಇದ್ದಾರೆ. ಮನೆಯಲ್ಲಿ ದುಡ್ಡಿನ ಚಿಂತೆ ಇದ್ದರೆ ಮಕ್ಕಳಿಗೆ ಮೊದಲು ಗೊತ್ತಾಗುತ್ತದೆ.

ಮಗನ ಬಗ್ಗೆ ಯೋಚನೆ ಬೇಡ, ಎರಡನೇ ಕ್ಲಾಸಿನವರು ಒಂದೇ ತಿಂಗಳಲ್ಲಿ ಹೊಂದಿಕೊಂಡುಬಿಡುತ್ತಾರೆ. ಮಗಳಿಗೆ ಸ್ವಲ್ಪ ಹೊತ್ತು ಕೊಡಿ. ಮಿಡಲ್ ಸ್ಕೂಲಿನಲ್ಲಿ ಪಾಠ ಪಾಠಕ್ಕೂ ಕೋಣೆ ಬದಲಾಗುತ್ತದೆ. ಅಂಕಿ ತಿರುಗಿಸಿ ತೆಗೆಯುವ ಬೀಗ ಒಂದು ತಂದು ಮನೆಯಲ್ಲೇ ಅಭ್ಯಾಸ ಮಾಡಿಸಿ. ಮೊದಲ ವಾರ ಲಾಕರ್ ತೆಗೆಯಲು ಬರದೆ ಅತ್ತ ಮಕ್ಕಳನ್ನು ನೋಡಿದ್ದೇನೆ. ಲಸಿಕೆ ಕಾರ್ಡ್ ಈಗಲೇ ತೆಗೆದಿಡಿ. ಆರನೇ ಕ್ಲಾಸಿನಿಂದ ಮೇಲಿನವರಿಗೆ ಇಲ್ಲಿ ಟಿಡ್ಯಾಪ್ (ಧನುರ್ವಾಯು, ಗಂಟಲಮಾರಿ, ನಾಯಿಕೆಮ್ಮಿನದು) ಮತ್ತು ಮೆನಿಂಜೊಕಾಕಲ್ (ಮಿದುಳುಪೊರೆಯ ಸೋಂಕಿನದು) ಲಸಿಕೆ ಬೇಕೇ ಬೇಕು. ಎರಡನೆಯದು ನಮ್ಮ ಕಡೆಯ ಕಾರ್ಡಿನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಹೊರಡುವ ಮೊದಲೇ ಹಾಕಿಸಿಕೊಂಡು ಬನ್ನಿ. ಟಿಬಿ ಪರೀಕ್ಷೆ ಕೇಳಿದರೆ ತೋಳಿನ ಬಿಸಿಜಿ ಗುರುತು ತೋರಿಸಿ, ರಕ್ತದ ಪರೀಕ್ಷೆಯೇ ಮಾಡಿ ಅನ್ನಿ. ಬಿಸಿಜಿ ಹಾಕಿಸಿಕೊಂಡವರಿಗೆ ಚರ್ಮದ ಪರೀಕ್ಷೆ ಕೆಲವು ಸಲ ಸುಮ್ನೆ ಊದಿಕೊಂಡು ಗಾಬರಿ ಮಾಡಿಸಬಹುದು. ಶಾಲೆ ಶುರುವಾಗುವುದು ಸೆಪ್ಟೆಂಬರ್ ಮೊದಲ ವಾರದ ಹೊತ್ತಿಗೆ. ಜುಲೈನಲ್ಲಿ ಬಂದರೆ ಕಾಗದಪತ್ರಕ್ಕೆಲ್ಲ ಸಾಕಷ್ಟು ಸಮಯ ಸಿಗುತ್ತದೆ.